ಮನೆಯ ಅಂತಸ್ತೂ ಹೆಣ್ಣಿನ ದುಡಿಮೆಯೂ

“ನಾವು ಮಧ್ಯಮ ವರ್ಗದವರು” ಎಂಬ ಮಾತು ರಾಜಾಜಿನಗರ, ವಿಜಯನಗರಗಳ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಈ ಅಂತಸ್ತನ್ನು ಅಳೆಯುವ ಕೋಲು ಯಾವುದು? ವರಮಾನವೆಂದು ಹಲವರು ಹೇಳಿಯಾರು. ಅದು ಅರ್ಧ ಸತ್ಯವೆಂದು ನನ್ನ ಅಭಿಪ್ರಾಯ. ಗಂಡಸಿನ ಉದ್ಯೋಗವೇನು, ಹೆಂಗಸು ಹೊರಗೆ ದುಡಿಯುವಳೇ ಎಂಬ ಎರಡು ಪ್ರಶ್ನೆಗಳೇ ಉಳಿದರ್ಧವನ್ನು ನಿರ್ಣಯಿಸುತ್ತವೆ.

ಇದು ಹಳೆಯ ಸಂಗತಿ. ಹಳ್ಳಿಯ ಕುಟುಂಬವೊಂದು ಅನುಕೂಲಸ್ಥವಾದೊಡನೆ ತನ್ನ ಹೆಂಗಸರನ್ನು ಹೊಲಗೆಲಸದಿಂದ ಬಿಡಿಸುವುದನ್ನು ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು (1916–1999) ಗುರುತಿಸಿದ್ದರು. ಹೊಲ ಬಿಟ್ಟು ನಗರಕ್ಕೆ ಬಂದವರು ಆ ನಂಬಿಕೆಯನ್ನು ಬಿಟ್ಟು ಬರಲಿಲ್ಲ.

ಪೀಣ್ಯ ಮತ್ತು ಮೈಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಆದರೂ “ಗಾರ್ಮೆಂಟ್ಸಿಗೆ ಹೋಗುತ್ತಾಳೆ” ಎನ್ನಲು ಅನೇಕ ಮನೆಗಳಿಗೆ ಸಂಕೋಚ. ಗಂಡ ಗುಮಾಸ್ತನಾಗಿದ್ದರೆ ಅದು ಗುಮಾಸ್ತನ ಮನೆ. ಅವಳ ಸಂಬಳ ಬರಿಯ ‘ಕೈಖರ್ಚು’. ಬಾಡಿಗೆ, ಚೀಟಿಯ ಕಂತು, ಮಕ್ಕಳ ಶುಲ್ಕ ಆ ಕೈಖರ್ಚಿನಿಂದಲೇ ಸಂದಾಯವಾದರೂ ಮಾತು ಬದಲಾಗದು.

ಅದು ಕೈಖರ್ಚಲ್ಲವೆಂಬುದಕ್ಕೆ ಸಾಕ್ಷಿಯುಂಟು. ಭವಿಷ್ಯ ನಿಧಿಯ ಹಣವನ್ನು ಪೂರ್ತಿಯಾಗಿ ಹಿಂಪಡೆಯಲು 58 ವರ್ಷ ತುಂಬಬೇಕೆಂಬ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಈ ಕಾರ್ಮಿಕ ಮಹಿಳೆಯರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಎರಡೇ ದಿನಗಳಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. ಬಳೆ ರವಿಕೆಯ ಕಾಸಿಗಾಗಿ ಯಾರಾದರೂ ಹೀಗೆ ಹೋರಾಡುವರೇ?

“ಸೊಸೆ ಬ್ಯಾಂಕಿನಲ್ಲಿದ್ದರೆ ಎಲ್ಲರೂ ಹೆಮ್ಮೆಪಡುತ್ತಾರಲ್ಲ!” ಎಂದು ಕೆಲವರು ಆಕ್ಷೇಪಿಸಬಹುದು. ನಿಜ. ಕುರ್ಚಿಯ ಕೆಲಸ ಮನೆಗೆ ಭೂಷಣ, ಯಂತ್ರದ ಕೆಲಸ ಮನೆಗೆ ಕುಂದು! ಆದರೆ ಇಬ್ಬರೂ ಸಂಜೆ ಮನೆಗೆ ಮರಳಿದೊಡನೆ ಒಲೆಯ ಮುಂದೆ ನಿಲ್ಲಲೇಬೇಕು. ಅಲ್ಲಿ ಮಾತ್ರ ವರ್ಗಭೇದವಿಲ್ಲ.

ಈ ಭಾವನೆಯಿಂದಾಗುವ ನಷ್ಟ ಸಣ್ಣದಲ್ಲ. ಅಂತಸ್ತು ಏರಿತೆಂದು ತೋರಿಸಲು ಹೆಂಡತಿಯ ಕೆಲಸ ಬಿಡಿಸಿದ ತಿಂಗಳೇ ಮನೆಯ ವರಮಾನ ಇಳಿಯುತ್ತದೆ. ಗೌರವದ ಹೆಸರಿನಲ್ಲಿ ಕುಟುಂಬ ಬಡವಾಗುತ್ತದೆ. ಅವಳ ಕೈಯಲ್ಲಿದ್ದ ಅಷ್ಟಿಷ್ಟು ಸ್ವಾತಂತ್ರ್ಯವೂ ಹೋಗುತ್ತದೆ.

2013ರ ಆಹಾರ ಭದ್ರತಾ ಕಾಯಿದೆಯು ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿಯೆಂದು ಬರೆಸಿತು. ನಮ್ಮ ನಾಲಗೆ ಇನ್ನೂ ಕಾಗದದಷ್ಟು ಮುಂದುವರಿದಿಲ್ಲ. “ನಿಮ್ಮ ಮನೆಯಲ್ಲಿ ಏನು ಕೆಲಸ?” ಎಂದು ಯಾರಾದರೂ ಕೇಳಿದರೆ ನಾವು ತಂದೆಯ ಉದ್ಯೋಗವನ್ನಷ್ಟೇ ಹೇಳಿ ಸುಮ್ಮನಾಗುತ್ತೇವೆ. ಸಹಪಾಠಿಗಳೇ, ಇನ್ನು ಮೇಲೆ ತಾಯಿಯ ದುಡಿಮೆಯನ್ನೂ ಅದೇ ದನಿಯಲ್ಲಿ, ತಲೆಯೆತ್ತಿ ಹೇಳೋಣ. ಯಾರ ದುಡಿಮೆಯಿಂದ ನಾವು ಕಾಲೇಜಿನ ಮೆಟ್ಟಿಲೇರಿದೆವೋ ಅವರನ್ನು ಲೆಕ್ಕದಿಂದ ಬಿಟ್ಟ ಅಂತಸ್ತು ನಮಗೇತಕ್ಕೆ?