ಘಟ್ಟ ಹತ್ತಿ ಬಂದ ಅಡುಗೆ

ಆಷಾಢದ ಮಳೆ ಹಿಡಿಯಿತೆಂದರೆ ಮಲೆನಾಡಿನ ಭಂಡಿಗಡಿಯ ಕಡೆ ಮರಗೆಸ ಹುಡುಕುವ ಕೆಲಸ ಶುರು. ಹಳೆಯ ಮರಗಳ ಕೊಂಬೆಸಂದಿನಲ್ಲಿ, ಪಾಚಿಯ ನಡುವೆ ಏಳುವ ಈ ಎಲೆಯನ್ನು ಕೊಯ್ದು ತಂದು, ನಾರು ತೆಗೆದು, ಅಕ್ಕಿ-ಮೆಣಸು-ಹುಳಿ ಬೀಸಿದ ಹಿಟ್ಟನ್ನು ಬೆನ್ನಿಗೆ ಸವರಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ ಪತ್ರೊಡೆ. ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಎಷ್ಟು ಹುಳಿ ಎಂದು ಯಾರೂ ಅಳತೆ ಹೇಳುವುದಿಲ್ಲ, ಪಕ್ಕದಲ್ಲಿ ಕೂತು ಹಿಟ್ಟು ಸವರುತ್ತಲೇ ಕಲಿಯಬೇಕು. ಅಜ್ಜಿಯ ತವರು ಘಟ್ಟದ ಕೆಳಗೆ ಯಾವ ಊರು, ಆಗುಂಬೆ ಘಾಟಿ ಹತ್ತಿದ್ದು ಯಾರ ಜೊತೆ, ಮೊದಲು ಇದ್ದದ್ದು ಯಾರ ತೋಟದ ಬಿಡಾರದಲ್ಲಿ, ಇವೆಲ್ಲ ಬಾಯಿಗೆ ಬರುವುದೂ ಆ ಹೊತ್ತಿನಲ್ಲೇ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಗದ್ದೆ ತೋಟಗಳಿಗೆ ಹೀಗೆ ಘಟ್ಟ ಹತ್ತಿ ಬಂದವರ ಬೆವರೂ ಬಿದ್ದಿದೆ. ಸೇರೆಗಾರರು ಮುಂಗಡ ಕೊಟ್ಟು ತುಳುನಾಡಿನಿಂದ ಆಳುಗಳನ್ನು ಕರೆತರುತ್ತಿದ್ದ ಕಾಲವೊಂದಿತ್ತು. 1904ರಲ್ಲಿ ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು ಓದಿದವರಿಗೆ ಸೇರೆಗಾರ ರಂಗಪ್ಪಸೆಟ್ಟಿ ಗೊತ್ತು. ಆದರೆ ಬಿಡಾರದ ಹೆಂಗಸರು ತಮ್ಮ ಬಾಯಲ್ಲೇ ಹೇಳಿಕೊಂಡ ಕಥೆ ಅಚ್ಚಾದದ್ದು ತೀರ ಕಡಿಮೆ.

ಕೇರಳದಿಂದ ಬಂದವರ ದಾರಿ ಬೇರೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತು ತಿರುವಾಂಕೂರು ಹಸಿದಾಗ ಅಲ್ಲಿನ ಬಡವರನ್ನು ಬದುಕಿಸಿದ್ದು ಮರಗೆಣಸು, ಅವರ ಮಾತಿನಲ್ಲಿ ಕಪ್ಪ. ಭೂಮಿ ಅರಸಿ ಅಲ್ಲಿಂದ ಹೊರಟ ಕುಟುಂಬಗಳು ಮಲಬಾರಿನ ಗುಡ್ಡಗಳಿಗೆ ಹೋದವು, ಮುಂದೆ ನಮ್ಮ ಮಲೆನಾಡಿಗೂ ಬಂದವು. ನರಸಿಂಹರಾಜಪುರದ ಸುತ್ತಿನ ಮಲಯಾಳಿ ಮನೆಗಳಲ್ಲಿ ಕಪ್ಪ ಈಗಲೂ ಬೇಯುತ್ತದೆ. ಸಿಪ್ಪೆ ಸುಲಿದು, ತುಂಡು ಮಾಡಿ ಕುದಿಸಿ, ಆ ನೀರನ್ನು ಬಸಿದು ಚೆಲ್ಲಬೇಕು. ಗೆಡ್ಡೆಯ ವಿಷ ಹೋಗುವುದು ಹಾಗೆ. ಆಮೇಲೆ ಕಾಯಿತುರಿ, ಹಸಿಮೆಣಸು, ಅರಿಸಿನ ಸೇರಿಸಿ ಮಸೆಯುತ್ತಾರೆ. ಅರೆಬೇಯಿಸಿ ಬಿಸಿಲಿಗೆ ಒಣಗಿಸಿಟ್ಟರೆ ಮಳೆಗಾಲಕ್ಕೂ ಆಯಿತು. ಜೊತೆಗಿನ ಮೀನುಸಾರಿಗೆ ಬೇಕಾದ ಕುಡಂಪುಳಿಗೆ ಅವರು ಊರಿಗೆ ಹೇಳಿಕಳಿಸಬೇಕಾಗಿರಲಿಲ್ಲ. ನಮ್ಮ ಕಾಡಿನ ಉಪ್ಪಾಗೆಯೇ ಅದು.

ಪರಂಪರೆಯ ಅಡುಗೆ ಎಂದೊಡನೆ ನಮ್ಮ ಪತ್ರಿಕೆಗಳಲ್ಲಿ ಬರುವುದು ಹಬ್ಬದ ಊಟ. ಹಸಿವಿನ ಅಡುಗೆಯನ್ನು ಬರೆಯುವವರಿಲ್ಲ. ಗಂಜಿ, ಸುಟ್ಟ ಒಣಮೀನು, ಹಲಸಿನ ಬೀಜ, ಕಳಲೆ, ಮರಗೆಣಸು ತಿಂದು ಮಳೆಗಾಲ ಕಳೆದೆವು ಎನ್ನಲು ಮನೆಯವರಿಗೆ ಸಂಕೋಚ. ನೆಂಟರ ಮುಂದೆ ಆ ಮಾತು ಬೇಡ ಎಂದು ಅಜ್ಜಿಯನ್ನು ಸುಮ್ಮನಾಗಿಸುವ ಮಕ್ಕಳೂ ಇದ್ದಾರೆ. ನನಗೆ ಇದು ನೋವಿನ ಸಂಗತಿ. ಹೊರಟದ್ದೇ ಹಸಿವಿನಿಂದಾದರೆ ಆ ಹಸಿವನ್ನು ಬಿಟ್ಟು ಮನೆತನದ ಕಥೆ ಎಲ್ಲಿಂದ ಶುರುವಾಗಬೇಕು? ಪಹಣಿ ತೆಗೆದರೆ ಜಮೀನು ಯಾರ ಹೆಸರಿಗೆ ಎಂಬುದು ತಿಳಿಯುತ್ತದೆ. ಬಂದ ಮೊದಲ ಮಳೆಗಾಲದಲ್ಲಿ ಒಲೆಯ ಮೇಲೆ ಏನಿತ್ತು ಎಂಬುದು ಅದರಲ್ಲಿಲ್ಲ, ನೆರೆಮನೆಯವರು ಒಂದು ಸೇರು ಅಕ್ಕಿ ಕೊಟ್ಟರೋ ಬಾಗಿಲು ಹಾಕಿಕೊಂಡರೋ ಎಂಬುದೂ ಇಲ್ಲ. ಅದನ್ನು ಬಲ್ಲವರು ಈಗ ಎಂಬತ್ತು ದಾಟಿದವರು. ಮೊಮ್ಮಕ್ಕಳು ಬೆಂಗಳೂರಿನಲ್ಲಿ ಮೊಬೈಲು ನೋಡಿ ಪತ್ರೊಡೆ ಮಾಡುತ್ತಾರೆ, ರುಚಿಯಾಗಿಯೇ ಮಾಡುತ್ತಾರೆ. ಆದರೆ ಅಜ್ಜಿ ಯಾವ ಘಾಟಿ ಹತ್ತಿ ಬಂದಳೆಂದು ಆ ಮೊಬೈಲು ಹೇಳುವುದಿಲ್ಲ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಈ ಮಳೆಗಾಲದಲ್ಲಿ ಊರಿಗೆ ಹೋದಾಗ ಹಿರಿಯರ ಜೊತೆ ಅಡುಗೆಮನೆಯಲ್ಲಿ ಕೂತು ಕೆಲಸಕ್ಕೆ ಕೈ ಹಾಕಿ, ಕೇಳಿ, ಬರೆದು ಕಳಿಸಿ. ತುಳುವೋ ಕೊಂಕಣಿಯೋ ಮಲಯಾಳವೋ, ತಿನಿಸಿನ ಹೆಸರು ಮನೆಯಲ್ಲಿ ಕರೆಯುವಂತೆಯೇ ಇರಲಿ. ಬಡತನದ ಮಾತು ಬಂದರೆ ಅದನ್ನು ತಿದ್ದಬೇಡಿ. ನಾವೂ ತಿದ್ದದೆ ಅಚ್ಚು ಹಾಕುತ್ತೇವೆ.