ಎದೆಹಾಲಿಗೂ ಒಂದು ಮರೆ ಬೇಕು

ರಜೆ ಮುಗಿಸಿ ಕೆಲಸಕ್ಕೆ ಹೊರಟ ತಾಯಿಯ ಮಗುವಿಗೆ ಡಬ್ಬಿ ಹಾಲೇ ಗತಿ ಎಂಬ ಮಾತು ಜಿಲ್ಲೆಯಲ್ಲಿ ಈಗಲೂ ಕೇಳಿಬರುತ್ತದೆ. ಆರು ತಿಂಗಳ ತನಕ ಎದೆಹಾಲು ಬಿಟ್ಟು ಹನಿ ನೀರೂ ಬೇಡವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಡಾಕ್ಟರರೂ ಅದನ್ನೇ ಹೇಳುತ್ತಾರೆ. ಆದರೆ ಡಾಕ್ಟರರ ಚೀಟಿಯಲ್ಲಿ ಬಸ್ಸಿನ ಟೈಮು ಇರುವುದಿಲ್ಲವಲ್ಲ!

ಕಾರ್ಕಳದಿಂದ ಬೈಲೂರು, ಹಿರಿಯಡ್ಕ ದಾಟಿ ಮಣಿಪಾಲಕ್ಕೆ ಬರುವವಳು, ಕಾಪುವಿನಿಂದ ಉಡುಪಿಯ ಜವಳಿ ಅಂಗಡಿಗೆ ಬರುವವಳು ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಮಗುವಿನ ಮುಖ ಕಾಣುವುದು ಸಂಜೆ ಏಳಕ್ಕೆ. ಅಷ್ಟು ಹೊತ್ತು ಹಾಲು ತೆಗೆಯದಿದ್ದರೆ ಎದೆ ಕಲ್ಲಾಗುತ್ತದೆ, ಜ್ವರವೂ ಬರಬಹುದು. ದಿನಾ ಹೀಗಾದರೆ ಹಾಲೇ ಬತ್ತುತ್ತದೆ. ಖಾಲಿಯಾದಷ್ಟು ತುಂಬುವ ವಸ್ತು ಅದು. ಆಮೇಲೆ "ಅವಳಿಗೆ ಹಾಲಿಲ್ಲ ಮಾರಾಯ್ರೆ" ಎಂಬ ದೂರು ಬೇರೆ!

ಉಪಾಯ ದೊಡ್ಡದೇನಲ್ಲ. ಮೂರು ಗಂಟೆಗೊಮ್ಮೆ ಕೈ ತೊಳೆದು, ಕುದಿಸಿ ಒಣಗಿಸಿದ ಮುಚ್ಚಳದ ಪಾತ್ರೆಗೆ ಹಾಲು ಹಿಂಡಿಕೊಳ್ಳಬೇಕು. ಪಂಪೇ ಆಗಬೇಕೆಂದಿಲ್ಲ, ಕೈಯೂ ಸಾಕು. ಪಂಪಾದರೆ ಪ್ರತಿ ಸಲ ತೊಳೆಯಬೇಕು. ತಂಪು ಕೋಣೆಯಲ್ಲಿ ಹಾಲು ನಾಲ್ಕು ಗಂಟೆ ತಡೆಯುತ್ತದೆ. ಕರಾವಳಿಯ ಮೇ ತಿಂಗಳ ಸೆಕೆಗೆ ಆ ಲೆಕ್ಕ ನಂಬುವಂತಿಲ್ಲ. ಫ್ರಿಜ್ಜಿನಲ್ಲಾದರೆ ನಾಲ್ಕು ದಿನ. ಬಸ್ಸಿನಲ್ಲಿ ಒಯ್ಯಲು ಐಸ್ ಇಟ್ಟ ಡಬ್ಬಿ ಬೇಕು. ಮನೆಯಲ್ಲಿ ಅಜ್ಜಿ ಅದನ್ನು ಒಲೆ ಮೇಲೆ ಕುದಿಸಬಾರದು. ಬಿಸಿನೀರಲ್ಲಿ ಪಾತ್ರೆ ಇಟ್ಟು ಬೆಚ್ಚಗೆ ಮಾಡಿ ಒಳಲೆಯಲ್ಲೋ ಚಮಚದಲ್ಲೋ ಕುಡಿಸಿದರಾಯಿತು. ಬಾಟಲಿಯ ಸಹವಾಸ ಬೇಡ.

ಕಷ್ಟ ಇರುವುದು ಜಾಗದ್ದು. ಬಟ್ಟೆ ಹಾಕಿ ನೋಡಲು ಗಿರಾಕಿಗೆ ಕನ್ನಡಿ ಇಟ್ಟ ಕೋಣೆ ಉಂಟು. ಕೆಲಸದ ಹೆಂಗಸಿಗೆ ಎಷ್ಟೋ ಕಡೆ ಪಾಯಿಖಾನೆಯೇ ಗತಿ. ಪಾಯಿಖಾನೆಯಲ್ಲಿ ನಿಂತು ಊಟ ತಯಾರಿಸಿ ಎಂದರೆ ಉಡುಪಿಯ ಯಾವ ಹೋಟೆಲಿನವರು ಒಪ್ಪಿಯಾರು?

ಮಗುವಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲೂಡುವ ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯೇ ಹೇಳಿತ್ತು. 2025ರ ನವೆಂಬರಿನಲ್ಲಿ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ಹತ್ತು ಮಂದಿ ದುಡಿಯುವ ಅಂಗಡಿಗೂ ಇದು ಅನ್ವಯ. ಮಗು ಕಾಪುವಿನಲ್ಲಿ, ತಾಯಿ ಉಡುಪಿಯಲ್ಲಿ ಇದ್ದರೆ ಆ ಬಿಡುವು ಹಾಲು ಹಿಂಡಲಿಕ್ಕೆ ಅಲ್ಲದೆ ಮತ್ತೆಂತಕ್ಕೆ? ಧಣಿಗಳು ಇದನ್ನು ಉಪಕಾರದ ಖಾತೆಗೆ ಬರೆದುಕೊಳ್ಳಬೇಕಾಗಿಲ್ಲ.

ಮೆಡಿಕಲ್ ಶಾಪಿನವರಿಗೂ ಒಂದು ಮಾತು. ಶಿಶು ಹಾಲಿನ ಡಬ್ಬಿಗೆ, ಹಾಲೂಡುವ ಬಾಟಲಿಗೆ ಜಾಹೀರಾತು, ಉಚಿತ ಕೊಡುಗೆ ಎಲ್ಲವೂ 1992ರ ಕಾನೂನಿನಂತೆ ನಿಷಿದ್ಧ.

ಅಂಗಡಿಯ ಗೋದಾಮಿನ ಮೂಲೆಯಲ್ಲಿ, ಬಸ್ ನಿಲ್ದಾಣದ ಒಂದು ಬದಿಯಲ್ಲಿ ಒಂದು ಪರದೆ, ಒಂದು ಕುರ್ಚಿ, ಕೈ ತೊಳೆಯಲು ಒಂದು ನಳ್ಳಿ ಸಾಕು. ಇಷ್ಟಕ್ಕೆ ಮಂತ್ರಿಗಳನ್ನು ಕರೆಸಿ ಟೇಪು ಕತ್ತರಿಸಬೇಕೆಂದೂ ಇಲ್ಲ.