ಗೇರ್ ಬಾಕ್ಸಿನ ಎಣ್ಣೆಯೂ ಡ್ರೈವರನ ಸಂಬಳವೂ

ಕಾಚಿಗೂಡ, ಬರ್ಕತ್‌ಪುರ, ಬಡಿಚೌಡಿಯ ಓಣಿಗಳಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ಹಳೆಯ ಡೀಸೆಲ್ ಕಾರು ಇಟ್ಟುಕೊಂಡವರು ಅಲ್ಪಸಂಖ್ಯಾತರೇನೂ ಅಲ್ಲ. ಹೋಟೆಲಿಗೆ ತರಕಾರಿ, ಹಾಲು, ಬಾಳೆಯೆಲೆ ಸಾಗಿಸಲು ಯಜಮಾನರು ಕೊಂಡ ಇಂಡಿಕಾ, ಗುಮಾಸ್ತರೊಬ್ಬರು ನಾಲ್ಕು ವರ್ಷದ ಬೋನಸು ಕೂಡಿಸಿ ಮೂರನೆಯ ಕೈಯಿಂದ ಪಡೆದ ಸ್ವಿಫ್ಟು, ಇವೇ ನಮ್ಮ ರಥಗಳು. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಹಳೆಯದನ್ನು ಉಳಿಸಿಕೊಳ್ಳುವುದೂ ಮೊದಲಿನಂತೆ ಅಗ್ಗವಲ್ಲ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿಯನ್ನು ನವೀಕರಿಸುವ ಶುಲ್ಕವನ್ನು ಕೇಂದ್ರ ಸರ್ಕಾರವು ೨೦೨೨ನೆಯ ಇಸವಿಯ ಏಪ್ರಿಲ್ ೧ರಿಂದ ೬೦೦ ರೂಪಾಯಿಯಿಂದ ೫,೦೦೦ ರೂಪಾಯಿಗೆ ಏರಿಸಿತು. ಇಂತಹ ಕಾಲದಲ್ಲಿ ಗೇರ್ ಬಾಕ್ಸಿನ ಎಣ್ಣೆಯನ್ನು ಕುರಿತು ಒಂದು ಅಂಕಣವನ್ನೇ ತುಂಬಿಸುವುದು ಕೆಲವರಿಗೆ ಅತಿಯೆಂದು ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಏಕೆಂದರೆ, ಈ ಎಣ್ಣೆಯ ದೆಸೆಯಿಂದ ಒಬ್ಬ ಬಡ ಹುಡುಗನ ಸಂಬಳವನ್ನು ಕತ್ತರಿಸಿದವನು ನಾನು.

ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನನ್ನಲ್ಲೊಂದು ಇಂಡಿಕಾ ಇತ್ತು. ೧೯೯೮ರ ಕೊನೆಗೆ ಪೇಟೆಗೆ ಬಂದು ೨೦೧೮ರಲ್ಲಿ ತಯಾರಿಕೆ ನಿಂತುಹೋದ ಆ ಕಾರಿನ ೧,೪೦೫ ಸಿ.ಸಿ. ಡೀಸೆಲ್ ಎಂಜಿನನ್ನು ಈ ಊರಿನ ಟ್ಯಾಕ್ಸಿಯವರು ಎಷ್ಟು ದುಡಿಸಿಕೊಂಡರೆಂಬುದನ್ನು ಕಾಚಿಗೂಡ ಸ್ಟೇಷನ್ನಿನ ಮುಂದೆ ನಿಂತವರೆಲ್ಲ ಬಲ್ಲರು. ನಮ್ಮದೂ ಹಾಗೆಯೇ ದುಡಿದು, ಕೈ ಬದಲಾಗಿ ಬಂದದ್ದು. ಕುಂದಾಪುರದ ಕಡೆಯ ಹುಡುಗನೊಬ್ಬನು ಬೆಳಗಿನ ನಾಲ್ಕು ಗಂಟೆಗೆ ಅದನ್ನು ಹೊರಡಿಸಿ, ಚಾದರಘಾಟಿನ ಸೇತುವೆ ದಾಟಿ, ಮಾದನ್ನಪೇಟೆಯ ಮಂಡಿಯಿಂದ ತರಕಾರಿ ತರುತ್ತಿದ್ದನು. ಒಂದು ಚಳಿಗಾಲದಲ್ಲಿ ಅವನು ಬಂದು, “ಧಣಿಗಳೇ, ಎರಡನೆಯ ಗೇರು ಸರಿಯಾಗಿ ಬೀಳುತ್ತಿಲ್ಲ, ಕರಕರ ಎನ್ನುತ್ತದೆ; ಒಮ್ಮೆ ಯಾರಿಗಾದರೂ ತೋರಿಸಿದರೆ ಒಳ್ಳೆಯದಿತ್ತು” ಎಂದನು. “ಕ್ಲಚ್ಚನ್ನು ಪೂರ್ತಿ ಒತ್ತುವುದನ್ನು ಕಲಿ” ಎಂದು ಉತ್ತರ ಕೊಟ್ಟೆ. ಹದಿನೈದು ದಿನ ಬಿಟ್ಟು ಮತ್ತೆ ಹೇಳಿದನು. ಗಲ್ಲಾದ ಮೇಲೆ ಕುಳಿತವನಿಗೆ ಬೆಳಗಿನ ಹೊತ್ತು ಅಂತಹ ಮಾತು ಕೇಳುವ ಪುರುಸೊತ್ತು ಎಲ್ಲಿಯದು? ಕಡೆಗೊಂದು ದಿನ ಕಾರು ಮಂಡಿಯ ಬಾಯಲ್ಲೇ ಗೇರು ಸಿಕ್ಕಿಕೊಂಡು ನಿಂತಿತು. ಅಂದು ಸಾಂಬಾರಿಗೆ ತರಕಾರಿ ಬಂದದ್ದು ಹತ್ತು ಗಂಟೆಗೆ. ಎಳೆದು ತರಿಸಿದ ಖರ್ಚೂ ಸೇರಿ ತಿಂಗಳಿಗೆ ೧,೫೦೦ ರೂಪಾಯಿಯಂತೆ ಮೂರು ತಿಂಗಳು ಅವನ ಸಂಬಳದಲ್ಲಿ ಹಿಡಿಯುವುದೆಂದು ತೀರ್ಮಾನಿಸಿದೆ.

ಮೊದಲನೆಯ ಕಂತು ಹಿಡಿದ ಮೇಲೆ ಕಾರನ್ನು ಮೇಸ್ತ್ರಿಯೊಬ್ಬರ ಬಳಿ ಬಿಚ್ಚಿಸಿದೆ. ಅವರು ಕೆಳಗಿನ ಡ್ರೇನ್ ಪ್ಲಗ್ ತೆಗೆದಾಗ ಎರಡು ಲೀಟರಿನಷ್ಟು ಬೀಳಬೇಕಾದ ಎಣ್ಣೆ ಒಂದು ಲೀಟರೂ ಬೀಳಲಿಲ್ಲ. ಬಿದ್ದದ್ದು ಕಾಕಂಬಿಯಂತೆ ಕಪ್ಪು, ಗಂಧಕದ ದುರ್ನಾತ. ಅವರು ಅದನ್ನು ಅಂಗೈಗೆ ಹಚ್ಚಿ ಬಿಸಿಲಿಗೆ ಹಿಡಿದರು. ಹಳದಿಯ ಸಣ್ಣ ಸಣ್ಣ ಕಣಗಳು ಝಗಝಗಿಸಿದವು. “ಸೇಠ್, ಇದನ್ನು ಕಡೆಯ ಸಲ ಬದಲಿಸಿದ್ದು ಯಾವಾಗ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಎಂಜಿನ್ನಿನ ಎಣ್ಣೆಯನ್ನು ತಪ್ಪದೆ ಬದಲಿಸಿದ್ದೆ, ಚೀಟಿಗಳೂ ಇದ್ದವು. ಗೇರ್ ಬಾಕ್ಸಿಗೆ ಬೇರೆಯೇ ಒಂದು ಎಣ್ಣೆಯಿದೆಯೆಂಬುದು, ಐದು ವರ್ಷ ಆ ಕಾರಿನ ಯಜಮಾನನೆನಿಸಿಕೊಂಡಿದ್ದರೂ, ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಆ ಹಳದಿಯ ಕಣಗಳು ಏನೆಂಬುದನ್ನು ವಾಚಕರು ತಿಳಿಯಬೇಕು. ಗೇರ್ ಬಾಕ್ಸಿನೊಳಗೆ ಹಲ್ಲಿನ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗುತ್ತಿರುತ್ತವೆ. ನಾವು ಗೇರು ಬದಲಿಸಿದಾಗ ಚಕ್ರವೂ ದಂಡವೂ ಒಂದೇ ವೇಗಕ್ಕೆ ಬಂದ ಹೊರತು ಒಂದಕ್ಕೊಂದು ಕೂಡಲಾರವು. ಹೊರಟ ರೈಲನ್ನು ಹತ್ತುವವನು ಪ್ಲಾಟ್‌ಫಾರಮಿನ ಮೇಲೆ ಅದರ ಜೊತೆಯಲ್ಲೇ ನಾಲ್ಕು ಹೆಜ್ಜೆ ಓಡಿ, ವೇಗ ಸಮನಾದ ಮೇಲೆ ಕಾಲಿಡುವುದಿಲ್ಲವೇ? (ಕಾಚಿಗೂಡದ ನಮ್ಮವರಿಗೆ ಬೆಂಗಳೂರು ಗಾಡಿಯ ವಿಷಯದಲ್ಲಿ ಈ ಅನುಭವ ಇದ್ದೇ ಇದೆ, ಇಂದಿಗೂ ಮಾಡುವವರು ದಯವಿಟ್ಟು ಬಿಡಿ.) ಆ ನಾಲ್ಕು ಹೆಜ್ಜೆಯ ಓಟವನ್ನು ಗೇರ್ ಬಾಕ್ಸಿನಲ್ಲಿ ಓಡುವುದು ಹಿತ್ತಾಳೆಯ ಒಂದು ಬಳೆ. ಮೇಸ್ತ್ರಿಗಳು ಅದನ್ನು ಸಿಂಕ್ರೊ ರಿಂಗ್ ಎನ್ನುವರು. ಅದು ಚಕ್ರದ ಮೈಗೆ ಉಜ್ಜಿ ವೇಗವನ್ನು ಸಮಮಾಡುತ್ತದೆ. ಎಣ್ಣೆ ಸತ್ವಗೆಟ್ಟರೆ, ಕಡಮೆಯಾದರೆ, ಮೊದಲು ಸವೆಯುವವುಗಳಲ್ಲಿ ಈ ಬಳೆಯೂ ಒಂದು. ಬಳೆ ಸವೆದ ಮೇಲೆ ಚಾಲಕನು ಎಷ್ಟು ಚೆನ್ನಾಗಿ ಕ್ಲಚ್ಚು ಒತ್ತಿದರೂ ಕರಕರ ಶಬ್ದ ತಪ್ಪದು.

ಡೀಸೆಲ್ ಎಂಜಿನಿನ ಸ್ವಭಾವವನ್ನೂ ಇದರೊಡನೆ ಸೇರಿಸಬೇಕು. ಅದು ಕಡಮೆ ಸುತ್ತಿನಲ್ಲಿಯೇ ಭಾರಿ ಬಲ ಕೊಡುತ್ತದೆ, ನಡುಕವೂ ಹೆಚ್ಚು. ಅವೆರಡನ್ನೂ ಹೊರುವುದು ಗೇರಿನ ಹಲ್ಲುಗಳು. ಆದರೂ ನಾವು ಎಂಜಿನ್ನಿಗೆ ಕೊಡುವ ಗಮನವನ್ನು ಗೇರ್ ಬಾಕ್ಸಿಗೆ ಕೊಡುವುದಿಲ್ಲ. ಕಾರಣ ಸರಳ. ಎಂಜಿನ್ನಿನ ಎಣ್ಣೆ ಹೊಗೆಮಸಿಯಿಂದ ಬೇಗ ಕಪ್ಪಾಗುತ್ತದೆ, ಅದಕ್ಕೆ ಅಳೆಯುವ ಕಡ್ಡಿಯಿದೆ, ಒತ್ತಡ ಕುಸಿದರೆ ಕೆಂಪು ದೀಪವಿದೆ. ಗೇರ್ ಬಾಕ್ಸಿನಲ್ಲಿ ಏನೂ ಉರಿಯುವುದಿಲ್ಲ, ದೀಪವಿಲ್ಲ, ಬಹಳ ಕಾರುಗಳಲ್ಲಿ ಕಡ್ಡಿಯೂ ಇಲ್ಲ. ಕೇಳದವನಿಗೆ ಬಡಿಸುವುದಿಲ್ಲವೆಂಬುದು ಕೆಟ್ಟ ಹೋಟೆಲುಗಳ ಪದ್ಧತಿ. ಕಾರಿನ ವಿಷಯದಲ್ಲಿ ನಾವೆಲ್ಲರೂ ಅದನ್ನೇ ಅನುಸರಿಸುತ್ತಿದ್ದೇವೆ. ಕೆಲವು ತಯಾರಕರು ಈ ಎಣ್ಣೆ ಕಾರಿನ ಆಯುಷ್ಯಪರ್ಯಂತ ಸಾಕೆಂದು ಬರೆಯುವುದುಂಟು. ಯಾರ ಲೆಕ್ಕದ ಆಯುಷ್ಯ? ಹೊಸದಾಗಿ ಕೊಂಡು ಆರು ವರ್ಷಕ್ಕೆ ಮಾರುವವನ ಲೆಕ್ಕವೇ ಬೇರೆ, ಅವನಿಂದ ಕೊಂಡು ಹತ್ತು ವರ್ಷ ಓಡಿಸುವ ನಮ್ಮ ಗುಮಾಸ್ತರ ಲೆಕ್ಕವೇ ಬೇರೆ.

ಬೋಂಡಾ ಕರಿಯುವ ಎಣ್ಣೆಗೆ ಈ ದೇಶದಲ್ಲಿ ಕಾನೂನಿದೆ. ೨೦೧೮ರ ಜುಲೈ ೧ರಿಂದ, ಕರಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ಸ್ ಎಂಬ ಕೆಟ್ಟ ಅಂಶ ನೂರಕ್ಕೆ ೨೫ನ್ನು ಮೀರಿದರೆ ಆ ಎಣ್ಣೆಯನ್ನು ಮತ್ತೆ ಬಳಸಕೂಡದು. ಇನ್‌ಸ್ಪೆಕ್ಟರರು ಬಂದು ಬಾಣಲೆ ನೋಡುವರೆಂಬ ಅಂಜಿಕೆಯಿಂದಲಾದರೂ ನಾವು ಅದನ್ನು ಬದಲಿಸುತ್ತೇವೆ. ಗೇರ್ ಬಾಕ್ಸನ್ನು ನೋಡಲು ಯಾವ ಇನ್‌ಸ್ಪೆಕ್ಟರನೂ ಬರುವುದಿಲ್ಲ. ಬರುವವನು ಡ್ರೈವರು ಒಬ್ಬನೇ. ಅವನ ಅಂಗೈಗೆ ಮೊದಲು ತಿಳಿಯುತ್ತದೆ, ಅವನು ಹೇಳಿದರೆ ನಾವು ಕೇಳುವುದಿಲ್ಲ.

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಯಜಮಾನ ಮಿತ್ರರು ಕೋಪಿಸಿಕೊಂಡರೂ ಚಿಂತೆಯಿಲ್ಲ. ಗೇರ್ ಬಾಕ್ಸಿನ ಎಣ್ಣೆಯನ್ನು ಯಾವಾಗ ಬದಲಿಸಿದೆನೆಂದು ತೋರಿಸಲಾರದ ಯಜಮಾನನಿಗೆ, ಗೇರು ಕೆಟ್ಟಿತೆಂದು ಡ್ರೈವರನ ಸಂಬಳ ಮುಟ್ಟುವ ಅಧಿಕಾರವಿಲ್ಲ. ಒರಟಾಗಿ ಓಡಿಸುವ ಚಾಲಕನಿಂದಲೂ ಆ ಬಳೆ ಸವೆಯಬಲ್ಲದು, ಇದನ್ನು ಒಪ್ಪತಕ್ಕದ್ದೇ. ಆದರೆ ಕೊಳೆತ ಎಣ್ಣೆಯಲ್ಲಿ ಮುಳುಗಿದ ಬಳೆ ಯಾರ ತಪ್ಪಿನಿಂದ ಸವೆಯಿತೆಂದು ಯಾವ ಮೇಸ್ತ್ರಿಯೂ ಪ್ರಮಾಣ ಮಾಡಿ ಹೇಳಲಾರನು. ಕಾನೂನು ಸಹ ಇದನ್ನೇ ಹೇಳುತ್ತದೆ. ನಷ್ಟವು ಕೆಲಸಗಾರನ ಅಲಕ್ಷ್ಯದಿಂದಲೇ ನೇರವಾಗಿ ಆದದ್ದಾಗಿರಬೇಕು, ಹಿಡಿಯುವ ಮುನ್ನ ಅವನ ಸಮಜಾಯಿಷಿಗೆ ಅವಕಾಶ ಕೊಡಬೇಕು ಎಂದು ೧೯೩೬ರ ವೇತನ ಪಾವತಿ ಕಾಯಿದೆಯಲ್ಲಿ ಇತ್ತು. ೨೦೧೯ರ ವೇತನ ಸಂಹಿತೆಯಲ್ಲಿಯೂ ಅದೇ ನಿಯಮವನ್ನು ಇರಿಸಲಾಗಿದೆ. ನಾನು ಆ ಹುಡುಗನನ್ನು ಒಂದು ಮಾತೂ ಕೇಳಿರಲಿಲ್ಲ. ಕೇಳುವ ಮೊದಲೇ ಅವನು ಎರಡು ಸಲ ಹೇಳಿದ್ದನು. ಹಿಡಿದ ೧,೫೦೦ ರೂಪಾಯಿಯನ್ನು ಹಿಂದಕ್ಕೆ ಕೊಟ್ಟಾಗ ಎಣಿಸದೆ ಜೇಬಿಗೆ ಹಾಕಿಕೊಂಡನು, ಏನೂ ಅನ್ನಲಿಲ್ಲ. ಮುಂದಿನ ದೀಪಾವಳಿಗೆ ಊರಿಗೆ ಹೋದವನು ನನ್ನ ಹೋಟೆಲಿಗೆ ಮರಳಲಿಲ್ಲ. ರಿಪೇರಿಗೆ ೧೮,೦೦೦ ರೂಪಾಯಿ ಹೋಯಿತು. ಹೊಸ ಎಣ್ಣೆಗೆ ಬಿದ್ದದ್ದು ಒಂದು ಸಾವಿರ ಚಿಲ್ಲರೆ.

ಕೆಲಸವೇನೂ ದೊಡ್ಡದಲ್ಲ, ಒಂದು ಗಂಟೆಯೊಳಗಿನದು. ಆದರೂ ಎದುರಿಗೆ ನಿಂತು ಮಾಡಿಸತಕ್ಕದ್ದು. ನಾಲ್ಕೈದು ಮೈಲಿ ಓಡಿಸಿ ತಂದರೆ ಎಣ್ಣೆ ಬೆಚ್ಚಗಾಗಿ ಕಸರಿನೊಡನೆ ಸಲೀಸಾಗಿ ಇಳಿಯುತ್ತದೆ. ಕಾರು ಸಮತಟ್ಟಾಗಿ ನಿಂತಿರಬೇಕು. ಮೂತಿಯನ್ನು ಮಾತ್ರ ಎತ್ತಿದರೆ ಅಳತೆ ತಪ್ಪುತ್ತದೆ. ಬರೀ ಜಾಕಿಯ ಮೇಲೆ ನಿಂತ ಕಾರಿನಡಿಗೆ ಗ್ಯಾರೇಜಿನ ಹುಡುಗನು ತೂರಿಕೊಳ್ಳುವುದನ್ನು ಕಂಡರೆ ಅಲ್ಲೇ ತಡೆಯಿರಿ, ಗಟ್ಟಿಯಾದ ಸ್ಟ್ಯಾಂಡು ಇಡಿಸಿರಿ. ಎಣ್ಣೆ ತುಂಬುವ ಮೇಲಿನ ಪ್ಲಗ್ಗನ್ನು ಮೊದಲು ಬಿಚ್ಚಿಸಬೇಕು, ಕೆಳಗಿನದನ್ನು ಆಮೇಲೆ. ಹಳೆಯ ಕಾರಿನಲ್ಲಿ ಮೇಲಿನದು ತುಕ್ಕು ಹಿಡಿದು ಕೂತಿದ್ದರೆ, ಇದ್ದ ಎಣ್ಣೆಯೂ ಹೋಗಿ, ಹೊಸದನ್ನು ತುಂಬಲೂ ಆಗದೆ, ಕಾರು ಅಲ್ಲಿಯೇ ಕೂರುವುದು. ಕೆಳಗಿನ ಪ್ಲಗ್ಗಿಗೆ ಅಯಸ್ಕಾಂತವಿದ್ದರೆ ಅದಕ್ಕೆ ಅಂಟಿದ ಬೂದುಬಣ್ಣದ ನುಣ್ಣನೆಯ ಲೇಪ ಸಹಜವಾದದ್ದು, ಒರಸಿದರೆ ಸಾಕು. ಚೂರುಗಳು, ಹಲ್ಲಿನ ತುಣುಕು ಸಿಕ್ಕರೆ ಮಾತ್ರ ಆಪತ್ತು. ವಾಷರನ್ನು ಹೊಸದಾಗಿ ಹಾಕಿಸಿರಿ. ಮೇಲಿನ ತೂತಿನ ಅಂಚಿನಿಂದ ಎಣ್ಣೆ ತೊಟ್ಟಿಕ್ಕುವವರೆಗೆ ತುಂಬಿದರೆ ಹೆಚ್ಚಿನ ಕಾರುಗಳಲ್ಲಿ ಅಳತೆ ಸರಿ. ಪಾನಾ ಹಿಡಿದು ಪೌರುಷ ತೋರಿಸುವವರೂ ಇದ್ದಾರೆ. ಗೇರ್ ಬಾಕ್ಸಿನ ಮೈ ಅಲ್ಯೂಮಿನಿಯಮ್ಮಿನದು, ಬಿಗಿ ಅತಿಯಾದರೆ ಮರೆ ಕಿತ್ತುಬರುತ್ತದೆ.

ಎಣ್ಣೆಯ ಜಾತಿಯ ವಿಷಯದಲ್ಲಿ ನಮ್ಮವರು ಹೆಚ್ಚು ಮೋಸಹೋಗುವರು. ರಾಣಿಗಂಜಿನ ಅಂಗಡಿಯಲ್ಲಿ ‘ಗೇರ್ ಆಯಿಲ್’ ಎಂದಷ್ಟೇ ಕೇಳಿದರೆ ಕೈಗೆ ಬಂದ ಡಬ್ಬಿ ಕೊಡುವರು. ಡಬ್ಬಿಯ ಮೇಲೆ ಜಿ.ಎಲ್.-೪, ಜಿ.ಎಲ್.-೫ ಎಂದು ಇರುತ್ತದೆ. ಐದು ದೊಡ್ಡದು, ಆದುದರಿಂದ ಉತ್ತಮವೆಂಬ ಎಣಿಕೆ ಬೇಡ. ಐದನೆಯದರಲ್ಲಿ ಗಂಧಕ, ರಂಜಕಗಳ ಸಂಯುಕ್ತಗಳು ಹೆಚ್ಚು. ಅದು ಮುಖ್ಯವಾಗಿ ಹಿಂದಿನ ಆಕ್ಸಲಿನ ಭಾರಿ ಹಲ್ಲುಗಳಿಗೆಂದು ಮಾಡಿದ್ದು. ಆ ಸಂಯುಕ್ತಗಳಲ್ಲಿ ಕೆಲವು ಹಿತ್ತಾಳೆಯನ್ನು ತಿನ್ನುತ್ತವೆ. ಜಾರಿಕೆ ಹೆಚ್ಚಾಗಿ ಬಳೆಗೆ ಬೇಕಾದ ಹಿಡಿತವೂ ತಪ್ಪಬಹುದು. ಎರಡಕ್ಕೂ ಸಲ್ಲುವ ಎಣ್ಣೆಗಳಿವೆ. ಕೆಲವು ಗೇರ್ ಬಾಕ್ಸಿಗೆ ಬೇರೆಯೇ ಬಗೆಯ ಎಣ್ಣೆಯನ್ನು ವಿಧಿಸುವುದೂ ಉಂಟು. ಆದುದರಿಂದ ಕಾರಿನ ಪುಸ್ತಕದಲ್ಲಿ ಏನಿದೆಯೋ ಅದೇ, ೭೫ ಡಬ್ಲ್ಯು, ೮೦ ಡಬ್ಲ್ಯು ಎಂಬ ಮಂದದ ಸಂಖ್ಯೆಯೂ ಅದರಂತೆಯೇ. ಎಷ್ಟು ಮೈಲಿಗೊಮ್ಮೆ ಎಂಬುದನ್ನೂ ಅಲ್ಲಿಯೇ ನೋಡಬೇಕು. ಹಿಂದಿನ ಲೆಕ್ಕ ತಿಳಿಯದ ಕಾರನ್ನು ಕೊಂಡಿದ್ದರೆ, ಕೊಂಡ ವಾರದಲ್ಲಿಯೇ ಬದಲಿಸಿ, ಅಲ್ಲಿಂದ ಲೆಕ್ಕ ಹಿಡಿಯುವುದು ಮೇಲು.

ಸ್ವಂತ ಕಾರಿನಲ್ಲಿ ಊರಿಗೆ ಹೋಗುವ ಗುಮಾಸ್ತ ಬಂಧುಗಳಿಗೆ ಒಂದು ಮಾತು. ರಾಯಚೂರಿನ ಕಡೆಯವರ ದಾರಿ ಬಯಲು. ಗೇರು ಕೆಟ್ಟರೆ ಮಕ್ತಲದಲ್ಲೋ ಕೃಷ್ಣೆಯ ದಡದಲ್ಲೋ ಬಿಸಿಲಿನಲ್ಲಿ ಕುಳಿತರಾಯಿತು. ಉಡುಪಿಯ ಕಡೆಯವರಿಗೆ ಹಾಗಲ್ಲ. ಆಗುಂಬೆಯ ಘಾಟಿಯನ್ನು ಎರಡನೆಯ ಗೇರಿನಲ್ಲಿ ಎಂಜಿನಿನ ಹಿಡಿತದಿಂದಲೇ ಇಳಿಯಬೇಕು. ಸವೆದ ಗೇರು ತಿರುವಿನಲ್ಲಿ ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬಿದ್ದರೆ, ಹೆಂಡತಿ ಮಕ್ಕಳು, ಅಟ್ಟದ ಮೇಲಿನ ಗಂಟುಮೂಟೆ ಎಲ್ಲದರ ಭಾರವೂ ಬ್ರೇಕೊಂದರ ಮೇಲೆ ಬೀಳುವುದು. ಜಾತ್ರೆಗೆ ಹೊರಡುವ ಮುನ್ನ ಟೈರಿಗೆ ಗಾಳಿ ನೋಡಿಸುವವರು ಗೇರ್ ಬಾಕ್ಸಿನ ಎಣ್ಣೆಯ ಮಟ್ಟವನ್ನೂ ನೋಡಿಸಿರಿ.

ಇಳಿಸಿದ ಹಳೆಯ ಎಣ್ಣೆಯನ್ನು ಮೋರಿಗೆ ಚೆಲ್ಲಲು ಬಿಡಬಾರದು. ಕಾಚಿಗೂಡದ ಮೋರಿಯ ನೀರು ಮೂಸಿಯ ಕಡೆಗೇ ಹರಿಯುತ್ತದೆ. ಆ ನದಿ ಪಟ್ಟ ಪಾಡು ಈಗಾಗಲೇ ಸಾಲದೆ? ೨೦೧೬ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಡಬ್ಬಿಯಲ್ಲಿ ಮುಚ್ಚಿಡಿಸಿ, ಶುದ್ಧಿಮಾಡುವವರಿಗೆ ಒಪ್ಪಿಸುವ ಗ್ಯಾರೇಜಿಗೇ ಕೊಡಬೇಕು.

ನನ್ನ ತಮ್ಮನು ಈಗ ಹೋಟೆಲನ್ನು ನೋಡಿಕೊಳ್ಳುತ್ತಾನೆ. ಕಾರು ಇನ್ನೂ ಇದೆ. ಅದರ ಬಾಗಿಲ ಒಳಮೈಗೆ ಒಂದು ಚೀಟಿ ಅಂಟಿಸಿದೆ: ಎಣ್ಣೆ ಬದಲಿಸಿದ ತಾರೀಖು, ಆಗ ಓಡಿದ್ದ ಕಿಲೋಮೀಟರು, ಎಣ್ಣೆಯ ಹೆಸರು. ಕೆಳಗೆ ಇಬ್ಬರ ರುಜು, ಯಜಮಾನನದು ಒಂದು, ಡ್ರೈವರನದು ಒಂದು.